ಕಂಬಳಿಯ ಮೇಲೆ ಕುಳಿತ ಅಧ್ಯಕ್ಷೆ

ಬೀರನಹಟ್ಟಿಯ ಗಿರಿಯಮ್ಮನನ್ನು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಿಸಿದವನು ಅವಳ ಬಾವ ಚಿಕ್ಕಬೀರಯ್ಯ. ಸತ್ತ ಗಂಡನ ಅಣ್ಣ, ಹಟ್ಟಿಗೆ ಯಜಮಾನ. ತೊಂಬತ್ತಮೂರರ ಕೊನೆಯಲ್ಲಿ ಹೊಸ ಕಾಯ್ದೆ ಬಂದು ಹಟ್ಟಿಯ ಸೀಟು ಹೆಂಗಸರ ಪಾಲಾಯಿತು. ಆ ಸುದ್ದಿ ಬಂದ ಬೆಳಿಗ್ಗೆ ಜಗಲಿಯ ಮೇಲೆ ಕೂತಿದ್ದ ಚಿಕ್ಕಬೀರಯ್ಯ ಮೊದಲು ತನ್ನ ಹೆಂಡತಿಯ ಕಡೆ ನೋಡಿದ, ಆಮೇಲೆ ಸೊಸೆ ಸುಷ್ಮಿತಾಳ ಕಡೆ ನೋಡಿದ, ಕೊನೆಗೆ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದ ಗಿರಿಯಮ್ಮನ ಕಡೆ ನೋಡಿದ.

"ನಮ್ ಹೆಣ್ಮಕ್ಳು ಯಾಕೆ ಬೀದೀಗ್ ಬೀಳ್ಬೇಕು? ಗಿರಿ ನಿಂತ್ಕಳ್ಳಿ. ಅವ್ಳನ್ನ ಕೇಳೋರ್ ಯಾರವ್ರೆ," ಎಂದ.

ಗಿರಿಯಮ್ಮ ಕೇಳಿಸಿಕೊಂಡಳು. ಅದರಲ್ಲಿ ನೋಯುವಂಥದ್ದೇನೂ ಅವಳಿಗೆ ಕಾಣಲಿಲ್ಲ. ಗಂಡ ಹಾವು ಕಚ್ಚಿ ಹೋದ ಮೇಲೆ, ಪುಟ್ಟ ಮಗಳು ದಿವ್ಯಶ್ರೀಯನ್ನು ಕಟ್ಟಿಕೊಂಡು, ಬಾವನ ಮನೆಯ ಗೋಡೆಗೆ ಅಂಟಿಕೊಂಡ ಒಂದು ಅಂಕಣದಲ್ಲಿ ಇದ್ದವಳು ಅವಳು. ಹಗರೆಯ ಶಾಲೆಯಲ್ಲಿ ಏಳನೆಯ ತರಗತಿ ಓದಿದ್ದಳು. ಹಟ್ಟಿಯ ಹೆಂಗಸರಲ್ಲಿ ಬಸ್ಸಿನ ಬೋರ್ಡು ಓದಬಲ್ಲವಳು ಅವಳೊಬ್ಬಳೇ. ಗೆದ್ದಳು. ಅಧ್ಯಕ್ಷರ ಸ್ಥಾನವೂ ಹಿಂದುಳಿದ ವರ್ಗದ ಮಹಿಳೆಗೆ ಎಂದಾದಾಗ ಇಡೀ ಪಂಚಾಯಿತಿಯಲ್ಲಿ ಅವಳನ್ನು ಬಿಟ್ಟರೆ ಬೇರೆಯವರಿರಲಿಲ್ಲ. ಹಾಲಿನ ಕ್ಯಾನು ಹೊತ್ತು ನಡೆಯುತ್ತಿದ್ದ ರಸ್ತೆಯಲ್ಲೇ ಜನ ಸೈಕಲ್ಲಿನಿಂದ ಇಳಿದು ನಮಸ್ಕಾರ ಹೇಳತೊಡಗಿದರು. ಕ್ಯಾನು ಮಾತ್ರ ಹಾಗೆಯೇ ತಲೆಯ ಮೇಲಿತ್ತು.

ಹಟ್ಟಿಯ ಹಿಂದೆ ಹುಲ್ಲುಬಾರೆ ಎಂಬ ಗೋಮಾಳವಿದೆ. ಇಳಿಜಾರು, ಮರವಿಲ್ಲದ್ದು. ಮಳೆ ಬಿದ್ದ ಮೇಲೆ ಗಾಳಿ ಬೀಸಿದರೆ ಇಡೀ ಬಾರೆ ಒಂದೇ ಕಡೆಗೆ ಮಲಗಿ ಮತ್ತೆ ಏಳುತ್ತಿತ್ತು. ಹಟ್ಟಿಯ ಕುರಿಗಳೆಲ್ಲ ಬೆಳೆದದ್ದು ಅಲ್ಲೇ. ಸುತ್ತಲೂ ಗುಡ್ಡದ ಮರೆ, ಹತ್ತಿರದಲ್ಲಿ ದೊಡ್ಡ ಊರಿಲ್ಲ, ಇಂಥ ಜಾಗವನ್ನೇ ಹುಡುಕುತ್ತಿದ್ದೆವು ಎಂದು ತೊಂಬತ್ತೈದರಲ್ಲಿ ಬಾಹ್ಯಾಕಾಶ ಇಲಾಖೆಯ ಜೀಪು ಬಂತು. ಬಂದ ಎಂಜಿನಿಯರ್ ಹೆಸರು ಶರತ್ಚಂದ್ರ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಮಗ. ನಮ್ಮ ಕಡೆಯವನೇ ಎಂದು ಚಿಕ್ಕಬೀರಯ್ಯ ಎಳನೀರು ಕೆತ್ತಿಸಿ ಕೊಟ್ಟ.

ಪಂಚಾಯಿತಿ ಕಚೇರಿಯಲ್ಲಿ ಶರತ್ಚಂದ್ರ ಬಹಳ ಹೊತ್ತು ಬಿಡಿಸಿ ಹೇಳಿದ. ಆಕಾಶಕ್ಕೆ ಹಾರಿಸಿದ ಉಪಗ್ರಹ ತನ್ನಷ್ಟಕ್ಕೆ ಬಿಟ್ಟರೆ ದಾರಿ ಜಾರುತ್ತದೆ. ಕೆಳಗೆ ದೊಡ್ಡ ಛತ್ರಿಗಳನ್ನು ನಿಲ್ಲಿಸಿ ಅದರ ದನಿ ಕೇಳಬೇಕು, ಇಲ್ಲಿಂದ ದನಿ ಕಳಿಸಬೇಕು, ಹಗಲೂ ರಾತ್ರಿ. ಸದಸ್ಯರೆಲ್ಲ ಬಾಯಿ ಬಿಟ್ಟು ಕೂತಿದ್ದರು.

"ಅಂದ್ರೆ ಸಾ, ಮ್ಯಾಲೆ ಮೇಯಕ್ ಬಿಟ್ಟು ಕೆಳಗಿಂದ ಕೂಗ್ ಹಾಕ್ತಾ ಇರೋದು. ಕುರಿ ಕಾದಂಗೆ," ಎಂದಳು ಗಿರಿಯಮ್ಮ.

ಶರತ್ಚಂದ್ರ ನಕ್ಕು ಮೇಜು ತಟ್ಟಿದ. "ಕರೆಕ್ಟ್ ಅಮ್ಮ! ನಾನು ಇನ್ಮೇಲೆ ಎಲ್ಲಾ ಕಡೆ ಹೀಗೇ ಹೇಳ್ತೀನಿ."

ಅವತ್ತು ಮನೆಗೆ ಹೋಗುವಾಗ ಗಿರಿಯಮ್ಮ ಬಾರೆಯ ಮೇಲೆ ಹತ್ತಿ ನಿಂತಳು. ಮೇಲೆ ಏನೂ ಕಾಣಲಿಲ್ಲ. ಕಾಣದ್ದು ಕೂಡ ಇದ್ದೀತು ಎಂಬುದು ಹೊಸದಾಗಿತ್ತು.

ಗೋಮಾಳ ಸರ್ಕಾರದ್ದೇ ಆದರೂ ಪಂಚಾಯಿತಿಯ ಒಪ್ಪಿಗೆ ಬೇಕಾಗಿತ್ತು. ಹಟ್ಟಿ ಸುಲಭಕ್ಕೆ ಒಪ್ಪಲಿಲ್ಲ. ಹುಲ್ಲು ಹೋದರೆ ಕುರಿ ಹೋಗುತ್ತದೆ, ಕುರಿ ಹೋದರೆ ಬದುಕೆಲ್ಲಿ? ಹಾಗಾದರೆ ಮನೆಗೊಂದು ಕೆಲಸ ಕೊಡಲಿ, ಅದನ್ನು ಕಂಬಳಿಯ ಮೇಲೆ ಹೇಳಲಿ ಎಂದು ತೀರ್ಮಾನವಾಯಿತು.

ಕಂಬಳಿ ಎಂದರೆ ಬೀರೇದೇವರ ಗುಡಿಯ ಮುಂದೆ ಹಾಸುವ ಕರಿಕಂಬಳಿ. ಹಟ್ಟಿಯ ಮದುವೆಯಾಗಲಿ ನ್ಯಾಯವಾಗಲಿ ಅದರ ಮೇಲೇ. ಅದರ ಮೇಲೆ ಕೂತು, ದೇವರ ಭಂಡಾರವೆಂಬ ಅರಿಶಿನದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಹೂಂ ಎಂದರೆ ಅದು ಆಣೆ. ಹೊರಗಿನವನು ಮಾತು ಕೊಡುವಾಗ ಎದುರಿಗೆ ಹಟ್ಟಿಯವರೊಬ್ಬರು ಕೂತು ಭಂಡಾರ ಕೊಡಬೇಕು. ಅವನು ತಪ್ಪಿದರೆ ಎದುರಿಗೆ ಕೂತವರ ತಲೆಗೆ ಬರುತ್ತದೆ. ಮಾತು ತೀರುವ ತನಕ ಅವರ ಮನೆಗೆ ಕಂಬಳಿ ಹಾಸುವುದಿಲ್ಲ. ಮದುವೆಗೂ ಇಲ್ಲ, ಸಾವಿಗೂ ಇಲ್ಲ.

ಎದುರಿಗೆ ಕೂರುತ್ತಿದ್ದವನು ಯಾವಾಗಲೂ ಯಜಮಾನ. ಅವತ್ತು ಚಿಕ್ಕಬೀರಯ್ಯ ಎಲ್ಲರ ಮುಂದೆ ಗಿರಿಯಮ್ಮನನ್ನು ಕರೆದ.

"ಅಧ್ಯಕ್ಷೆ ನೀನಲ್ವಾ? ಸರ್ಕಾರದೋರ ಎದುರಿಗೆ ಸರ್ಕಾರದೋರೇ ಕೂರ್ಬೇಕು. ಬಾರವ್ವ, ಕೂರು."

"ಗಂಡಿಲ್ಲದ ಹೆಂಗ್ಸು ಕಂಬಳಿ ಮ್ಯಾಲಾ?" ಎಂದು ಮುದುಕ ಕರಿಬಸವಯ್ಯ ಗೊಣಗಿದ.

"ಕಾಲ ಬದಲಾಗೈತೆ ಕಣಯ್ಯ. ಸುಮ್ಕಿರು."

ಗಿರಿಯಮ್ಮ ಕೂತಳು. ಸೀರೆಯ ಮೇಲಿಂದಲೂ ಉಣ್ಣೆ ಚುಚ್ಚುತ್ತಿತ್ತು. ತನ್ನ ಮದುವೆಯ ದಿನ ಅದೇ ಕಂಬಳಿಯ ಮೇಲೆ ಕೂತಿದ್ದಾಗ ಚುಚ್ಚಿತ್ತೋ ಇಲ್ಲವೋ ನೆನಪಾಗಲಿಲ್ಲ. ಶರತ್ಚಂದ್ರ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಎದುರಿಗೆ ಕಾಲು ಮಡಚಿ ಕೂತ. ಆದ ಮಾತನ್ನು ಎದುರಿಗೆ ಕೂತವರೇ ಆಮೇಲೆ ಸಾರುವುದು ವಾಡಿಕೆಯಾದ್ದರಿಂದ ಜನ ಮಾತು ಕೇಳಿಸದಷ್ಟು ದೂರ ಸರಿದರು, ಹತ್ತಿರ ಉಳಿದವನು ಚಿಕ್ಕಬೀರಯ್ಯನೊಬ್ಬ.

"ಬಾರೆ ಬಿಟ್ಕೊಡ್ತೀವಿ. ಮನೆಗೊಂದ್ ಕೆಲ್ಸ ಕೊಡ್ತೀರಾ ಸಾ?"

"ಮಾಡೋಣ ಅಮ್ಮ. ಅದಕ್ಕೇನಂತೆ, ಕೊಡೋಣ," ಎಂದು ಅವನು ಕೋಲೆಬಸವನ ಹಾಗೆ ತಲೆಯಾಡಿಸಿದ. ಅವಳು ಅವನ ಅಂಗೈಗೆ ಭಂಡಾರ ಹಾಕಿದಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡು, "ಒಳ್ಳೇ ಘಮ ಇದೆ. ಮನೇಲೇ ಮಾಡಿದ ಅರಿಶಿನಾನಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಕೇಳಿದ. ಜನ ನಕ್ಕರು. ಸಾಹೇಬರು ತಮಾಷೆ ಮಾಡುತ್ತಾರೆ ಅಂದುಕೊಂಡರು. ಗಿರಿಯಮ್ಮ ಎದ್ದು, ಮನೆಗೊಂದು ಕೆಲಸ ಎಂದು ಸಾರಿದಳು. ಒಪ್ಪಿಗೆ ಪತ್ರ ಮಾರನೆಯ ವಾರವೇ ಹೋಯಿತು.

ಅಲ್ಲಿಂದ ಮೂರು ವರ್ಷ ಗಿರಿಯಮ್ಮ ದೊಡ್ಡ ಮನುಷ್ಯಳಾಗಿ ಬದುಕಿದಳು. ಬೇಲೂರಿನ ಸಭೆಗಳಲ್ಲಿ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದವಳು ಒರಗಿ ಕೂರುವುದನ್ನು ಕಲಿತಳು. ಪಕ್ಷದ ಮುಖಂಡ ನಂಜುಂಡಯ್ಯ ತನ್ನ ಕಾರಿನಲ್ಲಿ ಹಳೇಬೀಡಿನ ಸಮಾರಂಭಕ್ಕೂ ಅರಸೀಕೆರೆಯ ಸಮಾರಂಭಕ್ಕೂ ಅವಳನ್ನು ಕರೆದುಕೊಂಡು ಹೋಗಿ, ಬಾಹ್ಯಾಕಾಶಕ್ಕೆ ನೆಲ ಕೊಟ್ಟ ತಾಯಿ ಎಂದು ಮೈಕಿನಲ್ಲಿ ಪರಿಚಯಿಸುತ್ತಿದ್ದ. ತಾಲ್ಲೂಕಿನಲ್ಲಿ ರಾಕೆಟ್ ಗಿರಿಯಮ್ಮ ಎಂದರೆ ತಿಳಿಯದವರಿರಲಿಲ್ಲ. ಒಮ್ಮೆ ಉಪಗ್ರಹ ಹಾರಿಸುವುದನ್ನು ತೋರಿಸುತ್ತಾರೆಂದು ಪಂಚಾಯಿತಿ ಕಚೇರಿಗೆ ಟೀವಿ ತರಿಸಿದಳು. ಹಟ್ಟಿಯೆಲ್ಲ ಬಂತು. ಬೆಂಕಿಯ ಬಾಲ ಮೋಡದೊಳಗೆ ಹೋಗಿ ಮರೆಯಾದ ಮೇಲೆ ಪಕ್ಕದ ಮನೆಯ ಬೋರಮ್ಮ ಅವಳ ತೋಳು ಹಿಡಿದುಕೊಂಡು, "ಅಕ್ಕ, ಅದು ನಮ್ ಬಾರೆ ಮ್ಯಾಲೂ ಓಯ್ತದಾ?" ಎಂದು ಕೇಳಿದಳು.

"ಓಯ್ತದೆ ಕಣೆ. ನಮ್ ಬಾರೆ ಹೇಳ್ದಂಗೆ ಕೇಳ್ಕೊಂಡೇ ಓಯ್ತದೆ."

ಕೇಂದ್ರದ ಉದ್ಘಾಟನೆ ತೊಂಬತ್ತೆಂಟರ ಚಳಿಗಾಲದಲ್ಲಿ ಆಯಿತು. ಬಾರೆಯ ನೆತ್ತಿಯ ಮೇಲೆ ಬಿಳಿಯ ಛತ್ರಿ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ಗಿರಿಯಮ್ಮ ರೇಷ್ಮೆಯ ಸೀರೆಯನ್ನು ಸುಷ್ಮಿತಾಳ ಹತ್ತಿರ ಕೇಳಿ ಉಟ್ಟುಕೊಂಡು, ಮಗಳ ಕೈ ಹಿಡಿದು, ಬೇಗನೇ ಹೋಗಿ ಗೇಟಿನ ಮುಂದೆ ನಿಂತಿದ್ದಳು. ಮಂತ್ರಿಗಳ ಕಾರು ಹಗರೆ ದಾಟಿತು ಎಂದಾಗ ನಂಜುಂಡಯ್ಯ ಓಡಿ ಬಂದ.

"ಗಿರಿಯಮ್ನೋರೇ, ತಪ್ಪು ತಿಳ್ಕೋಬೇಡಿ. ಮಂತ್ರಿಗಳು ಇಳೀತಿದ್ದಂಗೆ ಎದುರಿಗೆ ಮುತ್ತೈದೇರು ಕಾಣ್ಲಿ. ಪೂರ್ಣಕುಂಭ ನೋಡಿ. ನೀವು ಒಂದ್ ಗಳಿಗೆ ಆ ಶಾಮಿಯಾನದ ಹಿಂದೆ."

ಶಾಮಿಯಾನದ ಹಿಂದೆ ಅಡುಗೆಯವರು ಪಾತ್ರೆಗಳನ್ನು ಬೋರಲು ಹಾಕಿದ್ದರು. ಒಂದರ ಮೇಲೆ ದಿವ್ಯಶ್ರೀಯನ್ನು ಕೂರಿಸಿ ಗಿರಿಯಮ್ಮ ಪಕ್ಕದಲ್ಲಿ ನಿಂತಳು. ಯಾರೂ ಕರೆಯಲು ಬರಲಿಲ್ಲ. ವೇದಿಕೆಯ ಕುರ್ಚಿಗಳು ತುಂಬಿದ್ದವು. ಬಟ್ಟೆಯ ಆಚೆಯಿಂದ ಮಂತ್ರಿಗಳ ದನಿ ಬಂತು: "ಉಪಗ್ರಹ ನೋಡಿಕೊಳ್ಳೋದು ಅಂದರೆ ಏನು ಬಂಧುಗಳೇ? ಕುರಿ ಕಾದ ಹಾಗೆ!" ಜನ ಜೋರಾಗಿ ಚಪ್ಪಾಳೆ ತಟ್ಟಿದರು.

"ಅವ್ವ, ಅದು ನೀನ್ ಹೇಳಿದ್ದಲ್ವಾ?" ಎಂದಳು ಮಗಳು.

"ಯಾರ್ ಹೇಳಿದ್ರೇನ್ ಮಗ," ಎಂದು ಗಿರಿಯಮ್ಮ ತಾನೂ ಚಪ್ಪಾಳೆ ತಟ್ಟಿದಳು.

ಆಮೇಲೆ ಬೇಲಿ ಬಂತು. ಗೇಟಿಗೆ ಎಲ್ಲಿಂದಲೋ ಕಾವಲುಗಾರರು ಬಂದರು. ಕೆಲಸ ಕೇಳಲು ಹೋದ ಹುಡುಗರಿಗೆ ಪರೀಕ್ಷೆ ಬರೆಯಿರಿ ಎಂದರು. ಹಟ್ಟಿಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಒಳಗೆ ಕಸ ಗುಡಿಸುವ, ಹುಲ್ಲು ಕೊಯ್ಯುವ ಕೆಲಸವಷ್ಟೇ ಉಳಿದದ್ದು. ಅದರ ಗುತ್ತಿಗೆ ಚಿಕ್ಕಬೀರಯ್ಯನ ಮಗ ತಿಮ್ಮೇಶನಿಗೆ ಸಿಕ್ಕಿತು. ಅವನು ತನಗೆ ಬೇಕಾದವರನ್ನು ಕರೆದುಕೊಂಡ. ಕುರಿಗಳನ್ನು ಬಸ್ತಿಹಳ್ಳಿಯ ಕಡೆ ಹೊಡೆದುಕೊಂಡು ಹೋದರೆ ಅಲ್ಲಿಯವರು ಕಲ್ಲು ತೂರಿದರು. ಒಂದೊಂದೇ ಮಂದೆ ಅರಸೀಕೆರೆಯ ಸಂತೆಗೆ ನಡೆದು ಹೋಯಿತು. ಮಾರಿ ಬಂದವರು ಗಿರಿಯಮ್ಮನ ಬಾಗಿಲ ಮುಂದೆ ಬಂದಾಗ ಬೇಕೆಂದೇ ನಿಂತು, ಖಾಲಿ ಹಗ್ಗವನ್ನು ಹೆಗಲ ಮೇಲೆ ಸರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದರು.

ನಲ್ಲಿಯ ಹತ್ತಿರ ಬೋರಮ್ಮನ ನಾಲಿಗೆಗೆ ಬಿಡುವಿರಲಿಲ್ಲ. "ಯಾಕಕ್ಕ, ಬಿಸ್ಲಾಗ್ ನಿಂತಿದ್ದೀಯ? ಅಷ್ಟ್ ದೊಡ್ ಛತ್ರಿ ತಂದಿದ್ದೀಯಲ್ಲ, ಅದ್ರ ಕೆಳಗೋಗಿ ನಿಂತ್ಕ."

ಹುಡುಗರು ಗುಡಿಯ ಮುಂದೆ ಸೇರಿ, ಮಾತು ಕೊಟ್ಟದ್ದು ಯಾರ ಮುಂದೆ ಎಂದು ಕೇಳಿದರು. ಚಿಕ್ಕಬೀರಯ್ಯ ಕೈ ಮುಗಿದ. "ನನ್ನೇನ್ ಕೇಳ್ತೀರಪ್ಪ. ಎದುರಿಗ್ ಯಾರ್ ಕೂತಿದ್ರೋ ಅವ್ರನ್ನ ಕೇಳಿ." ಅವತ್ತೇ ಕಟ್ಟಾಯಿತು. ಮಾತು ತೀರುವ ತನಕ ಗಿರಿಯಮ್ಮನ ಮನೆಗೆ ಕಂಬಳಿಯಿಲ್ಲ.

ಅವಳು ದಿಗಿಲುಬಿದ್ದದ್ದು ತನಗಾಗಿ ಅಲ್ಲ. ದಿವ್ಯಶ್ರೀ ಆಗಲೇ ದೊಡ್ಡವಳಾಗಿದ್ದಳು. ನಾಳೆ ಅವಳ ಮದುವೆ ಬರುತ್ತದೆ. ಕಂಬಳಿ ಹಾಸದ ಮನೆಯ ಹೆಣ್ಣನ್ನು ತರುವವರು ಯಾರು? ಅಧಿಕಾರ ಇದ್ದರೆ ಹೇಗಾದರೂ ಮಾಡಿ ಆ ಮಾತನ್ನು ಹೊರಗೆಳೆದೇನು ಎಂದು ಎರಡು ಸಾವಿರದ ಚುನಾವಣೆಗೆ ಮತ್ತೆ ನಿಂತಳು. ಈ ಸಲ ಚಿಕ್ಕಬೀರಯ್ಯನಿಗೆ ಮನೆಯ ಹೆಂಗಸು ಬೀದಿಗೆ ಬೀಳುವುದು ತಪ್ಪೆನಿಸಲಿಲ್ಲ. ಸೊಸೆ ಸುಷ್ಮಿತಾಳನ್ನೇ ಎದುರಿಗೆ ನಿಲ್ಲಿಸಿದ. ಗಿರಿಯಮ್ಮ ಮತ ಕೇಳಲು ಹೋದ ಮನೆಗಳಲ್ಲಿ ಮಣೆ ಹಾಕಿದರು, ನೀರು ಕೊಟ್ಟರು, ಮುಖ ಕೊಡಲಿಲ್ಲ. ನಂಜುಂಡಯ್ಯನ ಕಾರು ಅವಳ ಮುಂದೆಯೇ ಹಾದುಹೋಗಿ ಸುಷ್ಮಿತಾಳನ್ನು ಹತ್ತಿಸಿಕೊಂಡಿತು. ಗೆದ್ದವಳೂ ಸುಷ್ಮಿತಾಳೇ.

"ನಮ್ ಹಟ್ಟೀಲಿ ನಿಂಗ್ ಬಿದ್ದಿರೋದು ನಿಂದೊಂದೇ ಓಟಂತೆ," ಎಂದಳು ಬೋರಮ್ಮ, ಬಿಂದಿಗೆ ತುಂಬುತ್ತ. "ಅದ್ನಾದ್ರೂ ಸರ್ಯಾಗ್ ಒತ್ತಿದ್ಯೇನಕ್ಕ?"

ನಲ್ಲಿಯ ಸುತ್ತ ಇದ್ದವರೆಲ್ಲ ನಕ್ಕರು. ಗಿರಿಯಮ್ಮನೂ ನಕ್ಕಳು. ನಗದೆ ಇದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಶರತ್ಚಂದ್ರನಿಗೆ ಬೇರೆ ರಾಜ್ಯಕ್ಕೆ ವರ್ಗವಾಗಿತ್ತು. ಶಿವರಾತ್ರಿಗೆ ಊರಿಗೆ ಬಂದಿದ್ದಾನೆಂದು ಕೇಳಿ ಅವಳು ಅರಸೀಕೆರೆಗೆ ಹೋದಳು. ಮಂಡಿಯ ಮುಂದೆ ಕೊಬ್ಬರಿಯ ಚೀಲ ಹೊರುತ್ತಿದ್ದರು. ಗಾಳಿಗೆಲ್ಲ ಎಣ್ಣೆಯ ವಾಸನೆ. ಗಲ್ಲಾದ ಹಿಂದೆ ಜಯದೇವಪ್ಪ, ಪಕ್ಕದಲ್ಲಿ ಪೇಪರು ಓದುತ್ತ ಮಗ.

"ಓ, ಅಧ್ಯಕ್ಷರು! ಬನ್ನಿ, ಬನ್ನಿ. ಅಪ್ಪಾಜಿ, ನಾ ಹೇಳ್ತಿದ್ನಲ್ಲ, ಕುರಿ ಕಾದ ಹಾಗೆ ಅಂದಿದ್ದು, ಇವರೇ," ಎಂದು ಶರತ್ಚಂದ್ರ ಎದ್ದು ನಿಂತ. ಕಾಫಿ ತರಿಸಿದ. ನಿಜವಾಗಿಯೂ ಖುಷಿಪಟ್ಟಿದ್ದ.

ಅವಳು ಲೋಟ ಹಿಡಿದುಕೊಂಡೇ ಕೇಳಿದಳು. "ಸಾ, ಕಂಬಳಿ ಮ್ಯಾಲೆ ಭಂಡಾರ ಹಿಡ್ದು ಹೂಂ ಅಂದಿದ್ರಿ. ಮನೆಗೊಂದ್ ಕೆಲ್ಸ."

"ಭಂಡಾರ? ಆ ಅರಿಶಿನಾನಾ? ಪ್ರಸಾದ ಅಲ್ವಾ ಅದು?"

"ಆಣೆ ಸಾ."

ಶರತ್ಚಂದ್ರ ಅಪ್ಪನ ಮುಖ ನೋಡಿದ. "ಅಮ್ಮ, ಕೆಲಸ ಕೊಡೋ ಅಧಿಕಾರ ನನಗೆಲ್ಲಿದೆ? ನಾನು ಜಾಗ ನೋಡೋಕೆ ಬಂದೋನು. ನಿಮ್ಮ ಬಾವ ಅವತ್ತು ಜೀಪಿನ ಹತ್ರಾನೇ ಹೇಳಿದ್ರು. ಸುಮ್ನೆ ಒಂದ್ ಶಾಸ್ತ್ರ ಸಾ, ನಮ್ಮ ಹೆಂಗಸು ಏನೋ ಕೇಳ್ತಾಳೆ, ಹೂಂ ಅಂದ್ಬಿಡಿ, ಸಂತೋಷ ಪಡ್ತಾಳೆ ಅಂತ. ನಾನು ಅಂದೆ."

ಗಿರಿಯಮ್ಮ ಲೋಟವನ್ನು ಕೆಳಗಿಟ್ಟಳು.

"ಒಂದ್ಸಲ ಹಟ್ಟೀಗ್ ಬಂದು ಇಷ್ಟನ್ನೇ ಹೇಳ್ಬುಡಿ ಸಾ. ಕೆಲ್ಸ ಬ್ಯಾಡ. ಮಗಳ ಮದ್ವೆ ನಿಲ್ತದೆ. ಬತ್ತೀನಿ ಅಂತ ಒಂದ್ ಮಾತ್ ಹೇಳಿ."

"ಆಯ್ತ..." ಎಂದು ಶರತ್ಚಂದ್ರ ಬಾಯಿ ತೆರೆಯುವಷ್ಟರಲ್ಲಿ ಜಯದೇವಪ್ಪ ನಗುತ್ತ ಗಲ್ಲಾದ ಮೇಲೆ ಕೈ ಬಡಿದರು. "ಏಯ್, ಹೂಂ ಅನ್ಬೇಡ ಕಣೋ! ಕೆಳಗೆ ನೋಡ್ಕೊ, ಎಲ್ಲಾದ್ರೂ ಕಂಬಳಿ ಹಾಸಿರ್ತಾರೆ!"

ಚೀಲ ಹೊರುವವರೂ ನಿಂತು ನಕ್ಕರು. ಶರತ್ಚಂದ್ರ ನಗಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಬರಿಗೈಯಲ್ಲಿ ಹೋಗಬೇಡಿ ಎಂದು ಒಂದು ಚೀಲ ತೆಂಗಿನಕಾಯಿ ಕೊಡಿಸಿದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಹಳೇಬೀಡು ಬರುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು.

ಬಾವನನ್ನು ಆಗ ಏನೂ ಕೇಳಲಿಲ್ಲ. ಕೇಳಿದರೆ ಗೋಡೆಯ ಆಚೆಗಿನ ಅವನೊಬ್ಬನೂ ಕಳೆದುಹೋಗುತ್ತಾನೆ ಎಂದು ಸುಮ್ಮನಿದ್ದಳು.

ದಿವ್ಯಶ್ರೀ ಸುಮ್ಮನಿರುವ ಹುಡುಗಿಯಲ್ಲ. ಬೇಲೂರಿನ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಹಟ್ಟಿಯ ಹುಡುಗನೊಬ್ಬ, ಛತ್ರಿ ಮಗಳು ಬಂದಳು, ಎಂದದ್ದಕ್ಕೆ ಟಿಫನ್ ಡಬ್ಬಿಯಿಂದ ಅವನ ತುಟಿ ಒಡೆದಿದ್ದಳು. "ನಮ್ಮವ್ವ ಸುಳ್ಳಾಡೋಳಲ್ಲ. ಆ ಅಯ್ಯ ಹೇಳಿದ್ದಕ್ಕೇ ಹೇಳಿದ್ದು. ಇನ್ನೊಂದ್ಸಲ ಅಂದ್ರೆ ಹಲ್ಲಿರಲ್ಲ," ಎಂದಿದ್ದಳು. ಆ ಬಸ್ಸಿನ ಕಂಡಕ್ಟರು, ಅರಸೀಕೆರೆ ಡಿಪೋದ ರಂಗನಾಥ್, ಅವಳನ್ನು ಮರೆಯಲಿಲ್ಲ. ಎರಡು ಸಾವಿರದ ಮೂರರಲ್ಲಿ ಅವನ ಅಪ್ಪ ಗಿಡ್ಡಪ್ಪ ಮಾಲೇಕಲ್ಲಿನ ತಪ್ಪಲಿನಿಂದ ಹೆಣ್ಣು ಕೇಳಲು ಬಂದ.

"ನಮ್ಗೆ ಬ್ಯಾರೆ ಏನೂ ಬ್ಯಾಡ ಕಣವ್ವ," ಎಂದ ಗಿಡ್ಡಪ್ಪ. "ಕಂಬಳಿ ಮ್ಯಾಲೆ ಧಾರೆ ಆಗ್ಬೇಕು. ಅಷ್ಟೇಯ. ಕಂಬಳಿ ಇಲ್ಲದ್ದು ನಮ್ಮಲ್ಲಿ ಮದ್ವೆ ಅಲ್ಲ."

ಬಾಗಿಲ ಹಿಂದಿನಿಂದ ಮಗಳು ಕಣ್ಣಿನಲ್ಲೇ, ಅವ್ವ ಹೂಂ ಅನ್ನು, ಎಂದಳು. ಗಿರಿಯಮ್ಮ ಹೂಂ ಎಂದಳು. ಅವರು ಹೋದ ಮೇಲೆ ಬಾವನ ಜಗಲಿಗೆ ಹೋಗಿ ನಿಂತಳು.

ಚಿಕ್ಕಬೀರಯ್ಯ ಅವಳನ್ನೇ ಕಾಯುತ್ತಿದ್ದವನ ಹಾಗಿದ್ದ. ಬಾರೆಯ ಮೇಲೆ ಎರಡನೆಯ ಛತ್ರಿ ಬರುವುದಿತ್ತು. ತಿಮ್ಮೇಶನ ಗುತ್ತಿಗೆ ದೊಡ್ಡದಾಗುವುದಿತ್ತು. ಹುಡುಗರು ಮಾತ್ರ, ಕಂಬಳಿಯ ಮೇಲಿನ ಮಾತು ನಡೆಸುವ ತನಕ ಗೇಟಿಗೆ ಅಡ್ಡ ಮಲಗುತ್ತೇವೆ ಎನ್ನುತ್ತಿದ್ದರು.

"ಕಂಬಳಿ ಹಾಸಣ ಕಣವ್ವ. ಮಗ ನಂದೂ ಅಲ್ವಾ," ಎಂದ. "ನೀನ್ ಒಂದ್ ಕೆಲ್ಸ ಮಾಡು. ನಾಳಿದ್ದು ಎಲ್ರ ಮುಂದೆ ನಿಂತು, ಆ ಅಯ್ಯ ಕೆಲ್ಸದ ಮಾತೇ ಆಡ್ಲಿಲ್ಲ, ನಾನೇ ಅಧ್ಯಕ್ಷಗಿರಿ ಆಸೆಗೆ ಹುಟ್ಟಿಸ್ಕಂಡ್ ಹೇಳ್ದೆ ಅನ್ನು. ಮಾತೇ ಇಲ್ಲ ಅಂದ್ಮೇಲೆ ತೀರ್ಸೋದೇನೈತೆ? ಹುಡುಗ್ರೂ ತಣ್ಣಗಾಯ್ತಾರೆ."

"ಅವ್ರು ಕೊಡಣ ಅಂದಿದ್ದು ನಿಮ್ ಕಿವೀಗೂ ಬಿದ್ದೈತಲ್ಲ ಬಾವ."

"ನನ್ ಕಿವಿ ಮೊದ್ಲಿಂದ್ಲೂ ಮಂದ."

"ನೀವೇ ಅವ್ರಿಗೆ ಹೂಂ ಅನ್ನಿ ಅಂದ್ರಂತೆ. ನೀವೇ ನನ್ನ ಕೂರಿಸಿದ್ರಿ."

ಅವನಿಗೆ ಸಿಟ್ಟು ಬರಲಿಲ್ಲ. ಅಡಿಕೆಯ ಚೂರನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿಕೊಂಡು ಮಗ್ಗಿ ಒಪ್ಪಿಸುವವನ ಹಾಗೆ ಹೇಳಿದ.

"ಹೂಂ, ನಾನೇ. ಸರ್ಕಾರ ಆ ಬಾರೇನ ಹೆಂಗಿದ್ರೂ ತಗಳ್ಳೋದೇಯ. ಕೆಲ್ಸ ಕೊಡಾಕಿಲ್ಲ ಅನ್ನೋದು ನಂಗ್ ಗೊತ್ತಿಲ್ವಾ? ನಾನ್ ಕೂತಿದ್ರೆ ನನ್ ಮಕ್ಳು ಮೊಮ್ಮಕ್ಳ ತಲೆ ಮ್ಯಾಲ್ ಬರ್ತಿತ್ತು. ನಿಂಗೇನೈತೆ? ಒಂದ್ ಹೆಣ್ಣು. ಅದೂ ಬ್ಯಾರೆ ಮನೆಗ್ ಹೋಗೋದು."

ಗಿರಿಯಮ್ಮ ಅಂಗಳದ ಕಡೆ ತಿರುಗಿದಳು. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಅಷ್ಟು ವರ್ಷ ಅವಳು ಬಿದ್ದಾಗಲೆಲ್ಲ ನೆನೆಸಿಕೊಂಡು ಏಳುತ್ತಿದ್ದದ್ದು ಆ ಒಂದು ಬೆಳಿಗ್ಗೆಯನ್ನು. ಬಾವ ಎಲ್ಲರೆದುರು ತನ್ನ ಹೆಸರು ಹಿಡಿದು ಕರೆದು, ಕೂರವ್ವ ಎಂದದ್ದನ್ನು.

"ಆಯ್ತು ಬಾವ," ಎಂದಳು.

ಮಗಳಿಗೆ ಹೇಳಲಿಲ್ಲ. ಹೇಳಿದರೆ ದಿವ್ಯಶ್ರೀ ದೊಡ್ಡಪ್ಪನ ಜಗಲಿಗೆ ನುಗ್ಗುತ್ತಾಳೆ, ಊರು ಒಂದು ಮಾಡುತ್ತಾಳೆ, ಗಿಡ್ಡಪ್ಪನ ಕಿವಿಗೆ ಬೀಳುತ್ತದೆ, ಮದುವೆ ಮುರಿಯುತ್ತದೆ. ಮದುವೆಯಾಗಲಿ, ಆಮೇಲೆ ಒಂದು ದಿನ ಕೂರಿಸಿಕೊಂಡು ಹೇಳಿದರಾಯಿತು ಎಂದುಕೊಂಡಳು.

ಗುಡಿಯ ಮುಂದೆ ಕಂಬಳಿ ಹಾಸಿದ್ದರು. ಹಟ್ಟಿಯೆಲ್ಲ ಸೇರಿತ್ತು. ಗಿಡ್ಡಪ್ಪನನ್ನೂ ಕರೆಸಿದ್ದರು. ಗಿರಿಯಮ್ಮ ಅಂಚಿನಲ್ಲಿ ನಿಂತು, ಸೆರಗು ಹೊದ್ದು, ಹೇಳಿಕೊಟ್ಟದ್ದನ್ನು ಹೇಳಿದಳು. ಸಾಹೇಬರು ಏನೂ ಮಾತು ಕೊಟ್ಟಿರಲಿಲ್ಲ. ನಾನೇ ಹುಟ್ಟಿಸಿದೆ. ಅಧಿಕಾರದ ಆಸೆಗೆ.

"ನಮ್ ಕುರಿ ತಿಂದ್ಬುಟ್ಯಲ್ಲೇ!" ಎಂದು ಬೋರಮ್ಮ ಮಣ್ಣು ಹಿಡಿದು ತೂರಿದಳು. ಗೇಟಿಗೆ ಮಲಗುತ್ತೇವೆ ಎಂದಿದ್ದ ಹುಡುಗರು ಪೆಚ್ಚಾಗಿ ನೆಲ ನೋಡಿದರು. ಒಬ್ಬ ಉಗುಳಿದ. ಹೆಂಗಸರ ನಡುವೆ ದಿವ್ಯಶ್ರೀ ಎದ್ದು ನಿಂತಿದ್ದಳು.

ಚಿಕ್ಕಬೀರಯ್ಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ತಪ್ಪು ಒಪ್ಕಂಡವ್ಳೆ. ಮನೆ ಮ್ಯಾಲಿನ ಕಟ್ಟು ಬಿಚ್ಚಿದ್ದೀವಿ. ಮಗೀಗೆ ಕಂಬಳಿ ಹಾಸ್ತೀವಿ, ಧಾರೆ ನಾನೂ ನನ್ ಹೆಂಡ್ತಿ ಎರೀತೀವಿ. ಆದ್ರೆ ಭಂಡಾರ ಹಿಡ್ದು ಸುಳ್ಳಾಡ್ದೋಳು ಇನ್ಮೇಲೆ ಕಂಬಳಿ ಹತ್ರ ಸುಳಿಯಂಗಿಲ್ಲ. ಮಗಳ ಮದ್ವೇಲೂ ಅಷ್ಟೇಯ."

ಇದನ್ನು ಅವನು ಮೊದಲು ಹೇಳಿರಲಿಲ್ಲ. ಗಿರಿಯಮ್ಮ ಅವನ ಮುಖ ನೋಡಿದಳು. ಅವನು ಗಿಡ್ಡಪ್ಪನ ಕಡೆ ತಿರುಗಿ ಲಗ್ನದ ದಿನದ ಮಾತು ತೆಗೆದಿದ್ದ.

ಮನೆಗೆ ಬಂದ ಮೇಲೆ ದಿವ್ಯಶ್ರೀ ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ನಿಜಾನಾ ಅವ್ವ?"

ಗೋಡೆಯ ಆಚೆ ಗಿಡ್ಡಪ್ಪ ಊಟಕ್ಕೆ ಕೂತಿದ್ದ. ಅವನು ಸಾರು ಕೇಳುವುದು ಈಚೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನಿಜ ಕಣವ್ವ," ಎಂದಳು ಗಿರಿಯಮ್ಮ.

"ನಿನ್ ಪರವಾಗಿ ನಾನ್ ಎಷ್ಟ್ ಜನರ ಹತ್ರ ಬಡಿದಾಡಿದ್ದೀನಿ ಗೊತ್ತಾ? ಎಷ್ಟ್ ಜನ ನಕ್ಕವ್ರೆ ಗೊತ್ತಾ? ಅವರೆಲ್ಲ ಸರಿ, ನಾನೊಬ್ಳೇ ದಡ್ಡಿ."

ಆಮೇಲೆ ಮದುವೆಯ ತನಕ ಅವಳು ಬೇಕಾದ್ದಕ್ಕಷ್ಟೇ ಮಾತಾಡಿದಳು. ಎಣ್ಣೆ ಎಲ್ಲಿದೆ, ಬಾಚಣಿಗೆ ಎಲ್ಲಿದೆ.

ಮದುವೆಯ ದಿನ ಗಿರಿಯಮ್ಮ ಚಪ್ಪರದ ಆಚೆ ಹುಣಸೆಯ ಮರದ ಕೆಳಗೆ ಕೂತಿದ್ದಳು. ಓಲಗ ಜೋರಾದಾಗ ತಾಳಿ ಕಟ್ಟಿದರು ಎಂದು ತಿಳಿಯಿತು. ಅಕ್ಷತೆಯನ್ನು ಯಾರೋ ತಂದು ಕೊಟ್ಟಿದ್ದರು. ಅಷ್ಟು ದೂರದಿಂದ ಹಾಕಿದರೆ ಬೀಳುವುದಿಲ್ಲವೆಂದು ಕೈಯಲ್ಲೇ ಹಿಡಿದುಕೊಂಡಿದ್ದಳು. ಬೆವರಿಗೆ ಅರಿಶಿನ ಅಂಗೈಗೆ ಹತ್ತಿತು. ಹೊರಡುವಾಗ ಮದುಮಕ್ಕಳು ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಬಂದರು. ದೊಡ್ಡಪ್ಪನ ಕಾಲು ಹಿಡಿದು ದಿವ್ಯಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಚಿಕ್ಕಬೀರಯ್ಯನ ಕಣ್ಣೂ ಒದ್ದೆಯಾಯಿತು. ಹುಣಸೆಯ ಮರದ ಹತ್ತಿರ ಬಂದಾಗ, ಜನ ನೋಡುತ್ತಿದ್ದರಲ್ಲ, ಬಗ್ಗಿದಳು. ಕೈ ಪಾದಕ್ಕೆ ತಗಲಲಿಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ದಿವ್ಯಶ್ರೀ ತವರಿಗೆ ಬಂದಳು. ಗಿರಿಯಮ್ಮ ಹಿಂದಿನ ದಿನವೇ ಮನೆ ಸಾರಿಸಿ, ಬಾಗಿನದ ಮೊರ ತಂದಿಟ್ಟು, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಬಾಗಿಲು ತೆರೆದಿಟ್ಟಿದ್ದಳು. ಮಗಳು, ಅಳಿಯ ಪಕ್ಕದ ಜಗಲಿ ಹತ್ತಿದರು. ದೊಡ್ಡಪ್ಪನ ಮನೆ. ಗೋಡೆಯ ಆಚೆ ಒಬ್ಬಟ್ಟು ಬೇಯುವ ವಾಸನೆ, ತಿಮ್ಮೇಶನ ತಮಾಷೆ, ನಡುವೆ ಮಗಳ ನಗು. ಮಧ್ಯಾಹ್ನ ಕಳೆದ ಮೇಲೆ ಪಂಚಾಯಿತಿ ಅಧ್ಯಕ್ಷೆ ಸುಷ್ಮಿತಾ ಬಂದು ಹೊಸಿಲಿನ ಮೇಲೆ ಒಂದು ತಟ್ಟೆ ಇಟ್ಟಳು.

"ದಿವ್ಯ ಕೊಡು ಅಂದ್ಲಾ?" ಎಂದು ಕೇಳಿದಳು ಗಿರಿಯಮ್ಮ.

"ಇಲ್ಲ ಚಿಕ್ಕತ್ತೆ, ನಾನೇ ತಂದೆ. ಅವ್ರು ಆಗ್ಲೇ ಹೊರಟ್ರು. ಬಸ್ಸಿಗೆ ಹೊತ್ತಾಯ್ತಂತೆ."